ಹಂಚಿನ ಮೇಲಿನ ಮಳೆ, ಎಮ್ಮೆಯ ಬೆನ್ನ ಮೇಲಿನ ಮಳೆ

ಖಾನಾಪುರದ ಮಳೆಯನ್ನು ಬಯಲುಸೀಮೆಯವರಿಗೆ ಬಾಯಿಮಾತಲ್ಲಿ ಹೇಳಿ ತಿಳಿಸುವುದು ಕಷ್ಟ. ನಾನೂ ಬೈಲಹೊಂಗಲದ ಕಡೆಯವನೇ. ಎರೆ ಹೊಲ, ಜೋಳ, ಹತ್ತಿ ನೋಡುತ್ತ ಬೆಳೆದವ. ನಮ್ಮ ಊರಲ್ಲಿ ಮಳೆ ಬಂತೆಂದರೆ ಹಿರಿಯರು ಕಟ್ಟೆಯ ಮೇಲೆ ಬಂದು ಕೂತು, ಯಾರ ಹೊಲಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತಿದ್ದರು. ಖಾನಾಪುರ ತಾಲೂಕಿನ ಪಡುವಣ ಭಾಗಕ್ಕೆ, ಜಾಂಬೋಟಿ ದಾರಿಯ ಒಂದು ಹಳ್ಳಿಯ ಕನ್ನಡ ಶಾಲೆಗೆ ವರ್ಗವಾಗಿ ಬಂದ ಮೇಲೆ ಅಂಥ ಲೆಕ್ಕಕ್ಕೆ ಇಲ್ಲಿ ಅರ್ಥವೇ ಇಲ್ಲ ಅಂತ ತಿಳಿಯಿತು. ಜೂನ್‌ನಲ್ಲಿ ಹಿಡಿದ ಮಳೆ ಗಣಪತಿ ಹಬ್ಬದವರೆಗೂ ಊರನ್ನು ಬಿಡುವುದಿಲ್ಲ. ಇನ್ನೂ ಮೇಲೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಸವದತ್ತಿಯ ನವಿಲುತೀರ್ಥದ ಕಟ್ಟೆಗೆ ಸೇರುವ ನೀರು ಬಹುಮಟ್ಟಿಗೆ ಈ ಕಾಡಿನ ಮೇಲೆ ಬಿದ್ದದ್ದೇ. ಊರ ಕಡೆಗೆ ಹೋದಾಗ ಹೊಳೆ ತುಂಬಿ ಹರಿಯುವುದನ್ನು ಕಂಡರೆ, ಇದು ನಮ್ಮ ಶಾಲೆಯ ಹಂಚಿನ ಮೇಲೆ ಬಿದ್ದ ನೀರು ಅಂತ ಮನೆಯವರಿಗೆ ತೋರಿಸುತ್ತಿದ್ದೆ.

ಅಂಥದೊಂದು ಮಳೆಗಾಲದ ಒಂದು ದಿನದ ಕಥೆ ಇದು. ತಿಂಗಳು ಯಾವುದು ಅಂತ ಕೇಳಬೇಡಿ. ನಾಗರ ಪಂಚಮಿ ಆಗತಾನೆ ಮುಗಿದಿರಬೇಕು. ಯಾಕಂದರೆ ಮಕ್ಕಳ ಪಾಟೀಚೀಲದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಇದ್ದವು. ಮಧ್ಯಾಹ್ನದ ಊಟ ಮುಗಿದ ಮೇಲೆ ಒಬ್ಬರಿಗೊಬ್ಬರು ಉಂಡಿ ಮುರಿದು ಕೊಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ.

ಮೊದಲು ಶಾಲೆಯ ಮಂದಿಯನ್ನು ಪರಿಚಯ ಮಾಡಿಕೊಡುತ್ತೇನೆ. ಹೆಡ್ ಮಾಸ್ತರರು ನಂದಗಡದವರು, ಕಡಿಮೆ ಮಾತಿನವರು. ಶಾಲೆಯಲ್ಲಿ ಛತ್ರಿಯನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿದ್ದು ಒಂದೇ ಸಲ. ಮಳೆ ನಿಂತ ಕೂಡಲೇ ಅದನ್ನು ಮಡಚಿ ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸುತ್ತಿದ್ದರು. ಹಾಗೇ ತರಗತಿಗೆ ಬಂದು, ಹಾಗೇ ಹಲಗೆಯ ಮೇಲೆ ಬರೆಯುತ್ತಿದ್ದರು. ಒಂದರಿಂದ ಮೂರನೇ ತರಗತಿಯ ನಲಿ ಕಲಿ ಕೋಣೆ ನೋಡಿಕೊಳ್ಳುವವರು ನಮ್ಮ ಅಕ್ಕೋರು. ಖಾನಾಪುರ ಪೇಟೆಯಿಂದ ಮುಂಜಾನೆಯ ಬಸ್ಸಿಗೆ ಬರುತ್ತಿದ್ದರು. ಅವರ ಚೀಲದಲ್ಲಿ ಡಬ್ಬಿಗಿಂತ ಹೆಚ್ಚಾಗಿ ರಟ್ಟು, ದಾರ, ಬಟ್ಟೆ ಒಣಗಿಸುವ ಕ್ಲಿಪ್ಪು, ಹಳೆ ಲಗ್ನಪತ್ರಿಕೆ ಇಂಥವೇ ಇರುತ್ತಿದ್ದವು. ಲಗ್ನಪತ್ರಿಕೆಯ ಹಿಂದಿನ ಬಿಳಿ ಮಗ್ಗುಲು ಅವರಿಗೆ ಕಾರ್ಡು. ನಾಲ್ಕು, ಐದನೇ ತರಗತಿ ನನ್ನವು. ಅಡುಗೆಯ ಆಯಿಯನ್ನು ಮರೆತರೆ ಶಾಲೆಯ ಚಿತ್ರ ಪೂರ್ತಿಯಾಗುವುದಿಲ್ಲ. ಸಾರಿಗೆ ಒಗ್ಗರಣೆ ಕೊಡುವಾಗಲೂ ಅವರ ಬಾಯಲ್ಲಿ ಹಾಡು ಇರುತ್ತಿತ್ತು. ಬೀಸುವ ಕಲ್ಲು ಮನೆಯಿಂದ ಹೋಗಿ ಎಷ್ಟೋ ಕಾಲವಾದರೂ ಬೀಸುವ ಪದ ಮಾತ್ರ ಅವರಲ್ಲಿ ಉಳಿದಿತ್ತು.

ನಲಿ ಕಲಿ ಕೋಣೆ ನೋಡದವರಿಗೆ ಎರಡು ಮಾತು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಈ ಪದ್ಧತಿ ಶುರುವಾಯಿತು. ಅಲ್ಲಿಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಒಬ್ಬನೇ ಶಿಕ್ಷಕ ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಲಿಸುವ ಬಗೆ ನೋಡಿ ಬಂದರು. ಬಂದವರು ತಾವೇ ಕೂತು ನಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ಬರೆದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲು, ಒಂದೊಂದು ಮೆಟ್ಟಿಲಿಗೂ ಪ್ರಾಣಿ, ಪಕ್ಷಿಯ ಗುರುತು. ಮಗು ತಾನು ಎಲ್ಲಿದ್ದೇನೆ ಅಂತ ನೋಡಿ, ಆ ಗುರುತಿನ ಕಾರ್ಡು ತಾನೇ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂಡುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ಸಹಾಯ ಇರುತ್ತದೆ, ಇನ್ನೊಂದರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಂತ ಕಲಿಕೆ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಮಾಡಿದ್ದೆಲ್ಲ ತೂಗಾಡುತ್ತದೆ. ಕೆಳಗೆ ಗೋಡೆಗುಂಟ ಮಕ್ಕಳ ಕೈಗೆ ಎಟಕುವ ಎತ್ತರಕ್ಕೆ ಕರಿಹಲಗೆ.

ಅಕ್ಷರಕ್ಕೆ, ಲೆಕ್ಕಕ್ಕೆ ಈ ಏರ್ಪಾಟು ಚೆನ್ನಾಗಿ ಹೊಂದಿತ್ತು. ಪದ್ಯದ ಹೊತ್ತು ಬಂದಾಗ ಮಾತ್ರ ಎಲ್ಲ ಶಾಲೆಗಳಲ್ಲೂ ಹಳೆಯ ರೂಢಿಯೇ ಮರಳುತ್ತಿತ್ತು. ಗುರುಗಳು ಒಂದು ಸಾಲು ಹೇಳುವುದು, ಮಕ್ಕಳು ಕೂಗಿ ಹೇಳುವುದು. ಮುಂದೆ ಕೂತ ನಾಲ್ಕು ಗಟ್ಟಿ ದನಿಯ ಮಕ್ಕಳು ಇಡೀ ಪದ್ಯವನ್ನು ಹೊತ್ತುಕೊಂಡು ಹೋಗುತ್ತಾರೆ. ಹಿಂದಿನವು ತುಟಿ ಆಡಿಸುತ್ತವೆ. ಆಮೇಲೆ ಕಠಿಣ ಶಬ್ದಗಳ ಅರ್ಥ, ಆಮೇಲೆ ಸಾರಾಂಶ. ನಮ್ಮ ಶಾಲೆಯಲ್ಲಿ ಇದಕ್ಕೆ ಇನ್ನೊಂದು ತೊಡಕೂ ಇತ್ತು. ಖಾನಾಪುರದ ಮೂಡಣಕ್ಕೆ, ಇಟಗಿ, ಪಾರಿಶ್ವಾಡದ ಕಡೆ ಮನೆಯಲ್ಲೂ ಬೀದಿಯಲ್ಲೂ ಕನ್ನಡ. ಪಡುವಣದ ಕಾಡಿನ ಕಡೆ ಮರಾಠಿ ಹೆಚ್ಚು, ಅಲ್ಲಲ್ಲಿ ಕೊಂಕಣಿ. ಗೌಳಿವಾಡೆಗಳಲ್ಲಿ ಎಮ್ಮೆ ಸಾಕುವ ಗೌಳಿಗರದು ತಮ್ಮದೇ ಧಾಟಿಯ ಮರಾಠಿ. ಆ ಮನೆಗಳಿಂದ ಬಂದ ಆರು ವರ್ಷದ ಮಗುವಿಗೆ ಕನ್ನಡ ಪದ್ಯದ ಅರ್ಥ ಮೊದಲು ಹೇಳುತ್ತ ಕೂತರೆ ಪದ್ಯ ಶುರುವಾಗುವ ಮೊದಲೇ ಗಂಟೆ ಬಾರಿಸುತ್ತದೆ.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕೋರು ಅಂದರು, "ಸರ, ಕಾರ್ಡಿಗೆ ತಟ್ಟಿ ಅದಾವು. ಪದ್ಯಕ್ಕ ಮೂಲಿ ಮಾಡೋಣಲ್ರೀ. ಒಂದ ಪದ್ಯ, ಐದ ಮೂಲಿ. ಯಾವ ಹುಡುಗ ಯಾವ ಬಾಗಲದಿಂದ ಒಳಗ ಬರತಾನೋ ಬರ್ಲಿ."

ನಾನು ಹೂಂ ಅಂದೆ. ಹೆಡ್ ಮಾಸ್ತರರು ಛತ್ರಿ ಸರಿಮಾಡಿಕೊಂಡು, "ಮಾಡ್ರಿ. ಆದ್ರ ಮಕ್ಕಳು ಹೊರಗ ಓಡಬಾರದು," ಅಂದರು. ಅಷ್ಟರಲ್ಲಿ ಬಸ್ಸು ಬಂತು.

ಮೂಲೆಗಳು ತಯಾರಾದ ಬಗೆಯನ್ನು ಸ್ವಲ್ಪ ಸಾವಕಾಶವಾಗಿಯೇ ಹೇಳಬೇಕು. ಬೇರೆ ಶಾಲೆಯವರಿಗೆ ಅದರಿಂದಲೇ ಉಪಯೋಗ.

ಮೊದಲನೆಯದು ಕೇಳುವ ಮೂಲೆ. ಅಕ್ಕೋರು ಪದ್ಯವನ್ನು ತಮ್ಮ ಮೊಬೈಲಿನಲ್ಲಿ ಹೇಳಿ ತುಂಬಿಸಿದ್ದರು. ಮೊಬೈಲಿನ ದನಿ ಮಳೆಯ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಕುಂಬಾರರ ಮನೆಯ ಹುಡುಗಿಯೊಬ್ಬಳು ಮನೆಯಿಂದ ಒಂದು ಗಡಿಗೆ ತಂದಳು. ಖಾನಾಪುರದ ಮಣ್ಣು ಗಡಿಗೆಗೂ ಹಂಚಿಗೂ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದವರ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ. ಆ ಗಡಿಗೆಯೊಳಗೆ ಮೊಬೈಲು ಇಟ್ಟರೆ ದನಿ ತುಂಬಿಕೊಂಡು ದೊಡ್ಡದಾಗಿ ಹೊರಗೆ ಬರುತ್ತಿತ್ತು. ಮಕ್ಕಳು ಸುತ್ತ ಕೂತು ಗಡಿಗೆಯ ಕಂಠಕ್ಕೆ ಕಿವಿ ಕೊಡುತ್ತಿದ್ದರು. ಒಬ್ಬ ಹುಡುಗ ತಲೆಯನ್ನೇ ಒಳಗೆ ತೂರಿಸಿ, ಒಳಗಿನಿಂದಲೇ ಪದ್ಯ ಹೇಳುತ್ತಿದ್ದ. ಅವನನ್ನು ಎಳೆದು ಕೂಡಿಸುವುದಕ್ಕೆ ದಿನವೂ ಒಬ್ಬರು ಬೇಕಾಗುತ್ತಿತ್ತು.

ಎರಡನೆಯದು ತಾಳದ ಮೂಲೆ. ತೆಂಗಿನ ಚಿಪ್ಪು, ಹಳೆ ತಟ್ಟೆ, ಎರಡು ಬಿದಿರು ತುಂಡು. ಪದ್ಯದ ಸಾಲಿಗೆ ಹೆಜ್ಜೆ ಹಾಕುವುದು, ಚಿಪ್ಪು ಬಡಿಯುವುದು. ಎಲ್ಲಿ ಪೆಟ್ಟು ಬೀಳುತ್ತದೆ, ಎಲ್ಲಿ ಎಳೆಯುತ್ತದೆ ಅಂತ ಕೈಗೆ ಗೊತ್ತಾಗಬೇಕು. ಮಾತ್ರೆ, ಗಣ ಅನ್ನುವ ಮಾತುಗಳನ್ನು ಎತ್ತುವುದೇ ಬೇಡ, ಹೈಸ್ಕೂಲಿಗೆ ಹೋದ ಮೇಲೆ ಅವು ತಾವಾಗಿ ಬರುತ್ತವೆ.

ಮೂರನೆಯದು ಕಟ್ಟುವ ಮೂಲೆ. ಪದ್ಯದ ಒಂದೊಂದು ಸಾಲನ್ನು ಒಂದೊಂದು ಪಟ್ಟಿಯ ಮೇಲೆ ಬರೆದು ಕಲಸಿ ಇಡುವುದು. ಮಕ್ಕಳು ಕೇಳಿದ ನೆನಪಿನಿಂದ ಸಾಲುಗಳನ್ನು ಜೋಡಿಸುವುದು. ಓದು ಬಾರದವರು ಪಟ್ಟಿಯ ತುದಿಯ ಚಿತ್ರ ನೋಡಿ ಜೋಡಿಸುತ್ತಿದ್ದರು. ನಾಲ್ಕನೆಯದು ಚಿತ್ರದ ಮೂಲೆ. ಒಡೆದ ಹಂಚಿನ ಚೂರುಗಳ ಮೇಲೆ ಇದ್ದಿಲಿನಿಂದ, ಸುಣ್ಣದ ಕಡ್ಡಿಯಿಂದ ಪದ್ಯದಲ್ಲಿ ಕಂಡದ್ದನ್ನು ಬರೆಯುವುದು. ಮೊದಲ ವಾರ ಎಲ್ಲರೂ ಅಲ್ಲಿಗೇ ನುಗ್ಗಿದರು. ಅದಕ್ಕೇ ಅಕ್ಕೋರು ಹೊರಗೆ ತೂಗುಹಾಕಿದ ರೈಲು ಹಳಿಯ ತುಂಡಿಗೆ ಬಡಿದಾಗ ಎಲ್ಲ ಗುಂಪುಗಳೂ ಬಲಕ್ಕೆ ಒಂದು ಮೂಲೆ ಸರಿಯಬೇಕು ಅಂತ ನಿಯಮ ಮಾಡಿದರು. ಒಂದು ಗುಂಪಿನಲ್ಲಿ ಐದಾರು ಮಕ್ಕಳು, ಮೂರು ತರಗತಿಯವರೂ ಬೆರೆತಿರಬೇಕು. ಮೂರನೆಯವನು ಓದುತ್ತಾನೆ, ಒಂದನೆಯವನು ಕೇಳುತ್ತಾನೆ. ಚಿಪ್ಪು ಬಡಿಯುವಾಗ ಇಬ್ಬರೂ ಸಮ.

ಐದನೆಯದು ಪ್ರಾಸದ ಮೂಲೆ. ನನಗೆ ಬಲು ಹಿಡಿಸಿದ್ದು ಅದೇ. ಎರಡು ಕಿಟಕಿಗಳ ನಡುವೆ ದಾರ ಕಟ್ಟಿ, ಒಂದೇ ತರಹ ಕೇಳಿಸುವ ಮಾತುಗಳ ಕಾರ್ಡನ್ನು ಕ್ಲಿಪ್ಪಿನಿಂದ ಜೋಡಿ ಮಾಡಿ ಸಿಕ್ಕಿಸುವುದು. ನಮ್ಮ ಛಂದಸ್ಸಿನವರು ಪ್ರಾಸಕ್ಕೆ ಪ್ರಾಣಿಗಳ ಹೆಸರು ಇಟ್ಟಿದ್ದಾರೆ. ಸಿಂಹ, ಗಜ, ವೃಷಭ, ಅಜ, ಶರಭ, ಹಯ, ಒಟ್ಟು ಆರು. ಪ್ರಾಸದ ಅಕ್ಷರದ ಹಿಂದೆ ದೀರ್ಘ ಬಂದರೆ ಆನೆ, ಸೊನ್ನೆ ಬಂದರೆ ಎತ್ತು, ಅಕ್ಷರವೇ ಒತ್ತು ಪಡೆದು ಇಮ್ಮಡಿಯಾದರೆ ಕುದುರೆ, ಹಿಂದೆ ಬರೀ ಹ್ರಸ್ವ ಇದ್ದರೆ ಸಿಂಹ. ಹೇಗೂ ನಲಿ ಕಲಿ ಏಣಿಯಲ್ಲಿ ಪ್ರಾಣಿಗಳ ಗುರುತು ಇದ್ದವಲ್ಲ, ಅಕ್ಕೋರು ಈ ಪ್ರಾಣಿಗಳನ್ನೂ ತಂದು ದಾರಕ್ಕೆ ತೂಗುಹಾಕಿದರು. ಹಂಚು, ಮಿಂಚು, ಅಂಚು ಎತ್ತಿನ ಕೆಳಗೆ. ಅಕ್ಕ, ಚಿಕ್ಕ, ಪಕ್ಕ ಕುದುರೆಯ ಕೆಳಗೆ. ಗಾಳಿ, ಹೋಳಿ, ಬೇಲಿ ಅಂತ ಒಬ್ಬಳು ಆನೆಯ ಕೆಳಗೆ ಸಿಕ್ಕಿಸಿದರೆ ಇನ್ನೊಬ್ಬಳು ಬಂದು, "ಬೇಲಿ ಬ್ಯಾರೆ ಐತಿ, ತಗಿ," ಅಂತ ಕ್ಲಿಪ್ಪು ಕಿತ್ತಳು. ಅವಳ ಮನೆಯ ಮಾತು ಮರಾಠಿ. ಹೋಳಿಯ ಳ ಬೇರೆ, ಬೇಲಿಯ ಲ ಬೇರೆ ಅಂತ ಅವಳ ಕಿವಿ ಹಿಡಿದಿತ್ತು. ಅರ್ಥ ಗೊತ್ತಿಲ್ಲದ ಮಾತನ್ನೂ ಆ ಮಕ್ಕಳು ದನಿಯಿಂದ ಸರಿಯಾಗಿ ಜೋಡಿಸುತ್ತಿದ್ದರು. ಕನ್ನಡ ಮನೆಯ ಮಕ್ಕಳಿಗಿಂತ ಅವರೇ ಮುಂದಿದ್ದರು ಅಂತ ಹೇಳಿದರೆ ತಪ್ಪಾಗಲಾರದು.

ಛಂದಸ್ಸಿನ ಮಾತು ಬಂತು, ಒಂದು ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ನಮ್ಮ ಜಿಲ್ಲೆಯ ಹಿರೇಕೊಪ್ಪದಲ್ಲಿ 1907ರಲ್ಲಿ ಹುಟ್ಟಿದ ಡಿ.ಎಸ್. ಕರ್ಕಿಯವರು ಕನ್ನಡ ಛಂದಸ್ಸು ಬೆಳೆದು ಬಂದ ದಾರಿಯನ್ನು ಕುರಿತು ‘ಕನ್ನಡ ಛಂದೋವಿಕಾಸ’ ಅನ್ನುವ ಸಂಶೋಧನ ಗ್ರಂಥ ಬರೆದವರು. ಬೆಳಗಾವಿಯಲ್ಲಿ ಕಾಲೇಜಿನ ಹುಡುಗರಿಗೆ ಪಾಠ ಹೇಳಿದವರು. ಅವರೇ ಮಕ್ಕಳಿಗಾಗಿಯೂ ಪದ್ಯ ಬರೆದರು. ಅತ್ತ ಜಿ.ಪಿ. ರಾಜರತ್ನಂ ಎಂ.ಎ. ಮುಗಿಸಿ ಸಣ್ಣ ಮಕ್ಕಳಿಗೆ ಪಾಠ ಹೇಳುವಾಗ, ಪುಸ್ತಕದ ಪದ್ಯಗಳು ಮಕ್ಕಳ ನಾಲಿಗೆಗೆ ಒಗ್ಗದ್ದನ್ನು ಕಂಡು ತಾವೇ ಬರೆಯಲು ಕೂತರು. ಇನ್ನೂ ಹಿಂದೆ ಪಂಜೆ ಮಂಗೇಶರಾಯರು ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗುತ್ತಲೇ ಮಕ್ಕಳ ಪದ್ಯ ಬರೆದರು. ಕನ್ನಡದ ಮಕ್ಕಳ ಕವಿತೆ ಬಹುಮಟ್ಟಿಗೆ ಹುಟ್ಟಿದ್ದು ಮೇಷ್ಟರ ಕೈಯಲ್ಲಿ, ತರಗತಿಯ ಗದ್ದಲದಲ್ಲಿ. ಶಿಕ್ಷಕರಾದವರು ಇದನ್ನು ಮರೆಯಬಾರದು ಅಂತ ನನ್ನ ಆಸೆ.

ಈಗ ಆ ದಿನಕ್ಕೆ ಬರುತ್ತೇನೆ.

ಹಿಂದಿನ ರಾತ್ರಿಯಿಂದ ಮಳೆ ಒಂದೇ ಸವನೆ ಹೊಡೆಯುತ್ತಿತ್ತು. ಅಂಥ ದಿನ ಒಮ್ಮೊಮ್ಮೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಅವತ್ತು ರಜೆ ಬಂದಿರಲಿಲ್ಲವೋ, ಸುದ್ದಿ ನಮಗೆ ಮುಟ್ಟಿರಲಿಲ್ಲವೋ, ಸರಿಯಾಗಿ ನೆನಪಿಲ್ಲ. ಮಕ್ಕಳಂತೂ ಬಂದಿದ್ದವು. ಗೊಬ್ಬರದ ಚೀಲದ ಕೊಪ್ಪೆ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಸಾಲಾಗಿ ಬಂದು ಕಟ್ಟೆಯ ಮೇಲೆ ಕೊಡವಿದವು. ಬಾಗಿಲು ತೆಗೆದರೆ ಕೋಣೆಯ ಮೂರು ಕಡೆ ಹಂಚು ಸರಿದು ನೀರು ತೊಟ್ಟಿಕ್ಕುತ್ತಿತ್ತು. ಒಂದು ಧಾರೆ ನೆಟ್ಟಗೆ ಪ್ರಾಸದ ಮೂಲೆಯ ಮೇಲೆ. ಎತ್ತು, ಆನೆ, ಕುದುರೆ ಎಲ್ಲ ತೊಯ್ದು ಬಣ್ಣ ಬಿಟ್ಟಿದ್ದವು.

ಅಕ್ಕೋರ ಮುಖ ಸಣ್ಣದಾಯಿತು. ಆದರೆ ಮಕ್ಕಳು ನಿಲ್ಲಲಿಲ್ಲ. ಯಾರೂ ಹೇಳುವ ಮೊದಲೇ ಗುಂಪಿಗೆ ಒಂದೊಂದು ಮೂಲೆ ಎತ್ತಿಕೊಂಡು ನಡೆದರು. ಗಡಿಗೆ ಅಡುಗೆ ಮನೆಗೆ ಹೋಯಿತು. ಚಿಪ್ಪು, ಬಿದಿರು ಕಟ್ಟೆಗೆ ಬಂದವು. ಸಾಲಿನ ಪಟ್ಟಿಗಳು ನನ್ನ ತರಗತಿಗೆ ಬಂದವು. ಸೋರುವ ಕಡೆ ಬಕೆಟ್ಟು, ತಟ್ಟೆ, ಒಂದು ಹಳೆ ತಗಡಿನ ಡಬ್ಬಿ ಇಟ್ಟೆವು.

ಆ ವಾರದ ಪದ್ಯವೂ ಮಳೆಯದೇ. ಅದರಲ್ಲಿ ಮಳೆಯ ಸದ್ದಿಗೆ ಕವಿ ಒಂದು ಮಾತು ಬಳಸಿದ್ದರು. ತಾಳದ ಮೂಲೆಯಲ್ಲಿ ಆ ಸಾಲಿಗೆ ಚಿಪ್ಪು ಬಡಿಯುತ್ತಿದ್ದ ಮೂರನೇ ತರಗತಿಯ ಹುಡುಗಿ ತಟ್ಟನೆ ನಿಲ್ಲಿಸಿ, ಮೇಲೆ ನೋಡಿ, "ಅಕ್ಕೋರ, ಮಳಿ ಹಂಗ ಅನ್ನಾಕತ್ತಿಲ್ರೀ," ಅಂದಳು.

"ಮತ್ತ ಹೆಂಗ ಅನ್ನಾಕತ್ತೈತಿ?"

ಅಲ್ಲಿಂದ ಜಗಳ ಶುರುವಾಯಿತು. ಹಂಚಿನ ಮೇಲೆ ತಟ ತಟ ಅನ್ನುತ್ತದೆ ಅಂತ ಒಬ್ಬ. ಅದು ಹಂಚಾಯಿತು, ಶೌಚಾಲಯದ ತಗಡಿನ ಮೇಲೆ ಧಡ ಧಡ ಅಂತ ಇನ್ನೊಬ್ಬ. ಬಾಳೆ ಗಿಡದ ಹತ್ತಿರ ಕೂತವರು ಪಟ ಪಟ ಅಂದರು. ಅಕ್ಕೋರು ಒಂದು ಕ್ಷಣ ನಿಂತು ನೋಡಿದರು. ಆಮೇಲೆ ಬಾಯಿಗೆ ಬೆರಳಿಟ್ಟು, "ಈಗ ಯಾರೂ ಮಾತಾಡಬ್ಯಾಡ್ರಿ. ಎಲ್ಲಾರೂ ಕಣ್ಣು ಮುಚ್ಚಿ ಬರೇ ಕೇಳ್ರಿ. ಆಮ್ಯಾಲ ಒಂದೊಂದ ಗುಂಪು ಒಂದೊಂದ ಕಡೆ ಹೋಗಿ, ಅಲ್ಲಿ ಮಳಿ ಏನಂತೈತಿ ಕೇಳಿ ಬಂದು ನನಗ ಹೇಳ್ರಿ," ಅಂದರು. ಮಕ್ಕಳು ಹೊರಗೆ ಓಡಬಾರದು ಅಂದಿದ್ದ ಹೆಡ್ ಮಾಸ್ತರರೇ ಕಾಲರಿನಿಂದ ಛತ್ರಿ ತೆಗೆದು ಬಿಚ್ಚಿ, ಒಂದು ಗುಂಪಿನ ಮೇಲೆ ಹಿಡಿದುಕೊಂಡು ಅಂಗಳಕ್ಕೆ ಇಳಿದರು. ಅವರು ಛತ್ರಿಯನ್ನು ಕೈಯಲ್ಲಿ ಹಿಡಿದದ್ದನ್ನು ನಾನು ಕಂಡದ್ದು ಅವತ್ತೇ.

ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಚರ ಚರ. ಹುಲ್ಲಿನ ಬಣವೆಯ ಮೇಲೆ ಸುಸ್ ಅಂತ ಒಂದೇ ಉಸಿರು. ಬಕೆಟ್ಟಿನಲ್ಲಿ ಮೊದಲು ಟಿಣಿ ಟಿಣಿ, ನೀರು ತುಂಬುತ್ತ ಬಂದ ಹಾಗೆ ಟುಳುಕ್ ಟುಳುಕ್. ಒಂದೇ ಬಕೆಟ್ಟು ಬೇರೆ ಬೇರೆ ಹೊತ್ತಿಗೆ ಬೇರೆ ಮಾತಾಡುತ್ತದೆ ಅಂತ ಕಂಡುಹಿಡಿದದ್ದು ಎರಡನೇ ತರಗತಿಯ ಒಬ್ಬ ಸಣ್ಣ ಹುಡುಗ. ಅವನು ಬಕೆಟ್ಟಿನ ಪಕ್ಕದಿಂದ ಏಳಲೇ ಇಲ್ಲ. ಅಕ್ಕೋರು ಎಲ್ಲವನ್ನೂ ಮಕ್ಕಳು ಹೇಳಿದ ಹಾಗೇ ಗೋಡೆಯ ಕೆಳಹಲಗೆಯ ಮೇಲೆ ಬರೆಯುತ್ತ ಹೋದರು.

ಗೌಳಿವಾಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದ. ಒಂದನೇ ತರಗತಿ. ಬಲು ಚೂಟಿ, ತಾಳದ ಮೂಲೆಯಲ್ಲಿ ಅವನದೇ ರಾಜ್ಯ. ಅವನು ಎಲ್ಲರದೂ ಮುಗಿಯುವವರೆಗೆ ಕೇಳಿ, ಎದ್ದು ನಿಂತು, "ಮ್ಹಶೀವರ ಆವಾಜ ನಾಯ್," ಅಂದ. ಎಮ್ಮೆಯ ಮೇಲೆ ಸದ್ದೇ ಇಲ್ಲ.

ಮಕ್ಕಳೆಲ್ಲ ಒಪ್ಪಲಿಲ್ಲ. ಮಳೆ ಬಿದ್ದರೆ ಸಪ್ಪಳ ಆಗಲೇಬೇಕು ಅಂತ ಅವರ ವಾದ. ಶಾಲೆಯ ಹಿಂದೆ ಯಾರದೋ ಎಮ್ಮೆ ಗೂಟಕ್ಕೆ ಕಟ್ಟಿತ್ತು. ಮೂರನೇ ತರಗತಿಯ ಇಬ್ಬರು ಕೊಪ್ಪೆ ಹಾಕಿಕೊಂಡು ಅವನ ಜೊತೆ ಹೋದರು. ಅವನು ಎಮ್ಮೆಯ ಕುತ್ತಿಗೆ ತುರಿಸುತ್ತ ಸಮಾಧಾನ ಮಾಡಿದ. ಅವರು ಅದರ ಹೊಟ್ಟೆಯ ಪಕ್ಕ ಬಗ್ಗಿ ಕಿವಿ ಕೊಟ್ಟರು. ನೀರು ಬೆನ್ನ ಮೇಲೆ ಬೀಳುವುದು, ಮಿರಿಮಿರಿ ಜಾರಿ ಹೊಟ್ಟೆಗುಂಟ ಇಳಿಯುವುದು ನನಗೂ ಕಿಟಕಿಯಿಂದ ಕಾಣುತ್ತಿತ್ತು. ವಾಪಸು ಬಂದು ಒಬ್ಬ ಅಂದ, "ಖರೇ ಐತ್ರೀ ಅಕ್ಕೋರ. ಎಮ್ಮಿ ಮ್ಯಾಲ ಮಳಿ ಸುಮ್ಮ ಕುಂಡರತೈತಿ."

ಹಲಗೆಯ ಮೇಲೆ ಕೊನೆಗೆ ನಿಂತದ್ದು ಇಷ್ಟು. ಇದು ಮಕ್ಕಳದೇ, ಒಂದು ಅಕ್ಷರವನ್ನೂ ನಾವು ತಿದ್ದಲಿಲ್ಲ.

ಹಂಚಿನ ಮ್ಯಾಲ ತಟ ತಟ
ತಗಡಿನ ಮ್ಯಾಲ ಧಡ ಧಡ
ಬಾಳಿ ಎಲಿ ಮ್ಯಾಲ ಪಟ ಪಟ
ಕೊಪ್ಪಿ ಮ್ಯಾಲ ಚರ ಚರ
ಬಕೀಟಿನ್ಯಾಗ ಟಿಣಿ ಟಿಣಿ
ಎಮ್ಮಿ ಬೆನ್ನ ಮ್ಯಾಲ
ಮಳಿ ಸುಮ್ಮ

ಕೊನೆಯ ಎರಡು ಸಾಲಿಗೆ ಚಿಪ್ಪು ಹೇಗೆ ಬಡಿಯಬೇಕು ಅಂತ ತಾಳದ ಮೂಲೆಯವರಿಗೆ ಪ್ರಶ್ನೆ ಬಂತು. ಗೌಳಿಯ ಹುಡುಗ ಎರಡೂ ಚಿಪ್ಪನ್ನು ಎತ್ತಿ ಹಿಡಿದು, ಬಡಿಯದೆ ಹಾಗೇ ನಿಲ್ಲಿಸಿದ. ಮಿಕ್ಕವರೂ ನಿಲ್ಲಿಸಿದರು. ಕವಿತೆಯಲ್ಲಿ ನಿಲುಗಡೆ ಅಂದರೆ ಏನು ಅಂತ ದೊಡ್ಡ ತರಗತಿಗಳಲ್ಲಿ ಎಷ್ಟು ಹೊತ್ತು ವಿವರಿಸುತ್ತೇವೆ! ಒಂದನೇ ತರಗತಿಯ ಹುಡುಗ ಕೈಯಲ್ಲೇ ಅದನ್ನು ತೋರಿಸಿದ್ದ.

ಅಷ್ಟು ಹೊತ್ತಿಗೆ ಊಟದ ವೇಳೆ ಮೀರಿತ್ತು. ತರಕಾರಿ ತರುವವರಿಗೆ ಮಳೆಯಲ್ಲಿ ಬರಲಾಗಿರಲಿಲ್ಲ. ಆಯಿ ಬೇಳೆ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಬಿಸಿ ಅನ್ನದ ಜೊತೆ ಬಡಿಸಿದರು. ಮನೆಯಲ್ಲಿ ಸುಟ್ಟು ತಂದಿದ್ದ ಹಲಸಿನ ಬೀಜ ಮಕ್ಕಳಿಗೆ ಒಂದೊಂದು ಕೊಟ್ಟರು. ಮಳೆಯ ದಿನ ಸುಟ್ಟ ಹಲಸಿನ ಬೀಜದ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುವ ಸುಖ ಮಲೆನಾಡಿನ ಸೆರಗಿನವರಿಗಷ್ಟೇ ಗೊತ್ತು. ನನಗೆ ಅದನ್ನು ಕಲಿಸಿದ್ದು ಖಾನಾಪುರವೇ. ಗಡಿಗೆ ತನ್ನ ಅಡುಗೆ ಮನೆಗೆ ಬಂದದ್ದು ಆಯಿಗೆ ಬಲು ಖುಷಿ. ಊಟ ಮುಗಿದ ಮೇಲೆ ಅಕ್ಕೋರು ಮೊಬೈಲು ಮುಂದೆ ಹಿಡಿದು, "ಆಯಿ, ನಿಮ್ಮದೂ ಒಂದ ಪದಾ ಹೇಳ್ರೀ," ಅಂದರು. ಆಯಿ ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ಬೀಸುವ ಪದವೊಂದನ್ನು ಪೂರ್ತಿ ಹೇಳಿದರು. ಮುಂದಿನ ವಾರದಿಂದ ಕೇಳುವ ಮೂಲೆಯ ಗಡಿಗೆಯಲ್ಲಿ ಆಯಿಯ ದನಿಯೂ ಇತ್ತು.

ಇನ್ನೊಬ್ಬರನ್ನು ಹೇಳದೆ ಹೋದರೆ ಕಥೆ ಅರ್ಧವಾಗುತ್ತದೆ. ಮೊಮ್ಮಗಳನ್ನು ಕರೆದೊಯ್ಯಲು ದಿನಾ ಸಂಜೆ ಬರುತ್ತಿದ್ದ ಒಬ್ಬ ಅಜ್ಜ. ನಂದಗಡದ ಕಡೆಯ ಗೀಗೀ ಮೇಳದಲ್ಲಿ ಹರೆಯದಲ್ಲಿ ದಪ್ಪು ಬಾರಿಸಿದವರು. ಅವರಿಗೆ ನಲಿ ಕಲಿಯ ಮೇಲೆ ಮೊದಲಿನಿಂದಲೂ ಅಸಮಾಧಾನ. "ಅ ಆ ಇ ಈ ಬಿಟ್ಟು ರ ಗ ಸ ದ ಅಂತ ಶುರು ಮಾಡ್ತೀರಿ. ಬಾಯಿಪಾಠ ಇಲ್ಲ, ಮಗ್ಗಿ ಇಲ್ಲ. ದಿನಾ ಆಟ," ಅನ್ನುತ್ತಿದ್ದರು. ರ, ಗ, ಸ, ದ, ಅ ಒಂದೇ ಬಗೆಯ ಗೆರೆಯಿಂದ ಮೂಡುವ ಅಕ್ಷರಗಳು, ಮಕ್ಕಳ ಕೈಗೆ ಬೇಗ ಕೂಡುತ್ತವೆ ಅಂತ ಅಕ್ಕೋರು ಎಷ್ಟೋ ಸಲ ಹೇಳಿದ್ದರು. ಅಜ್ಜನಿಗೆ ಅದು ಒಪ್ಪಿಗೆಯಾಗಿರಲಿಲ್ಲ.

ಅವತ್ತು ಮಳೆ ಇಳಿಯಲೆಂದು ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಮಕ್ಕಳು ತಮ್ಮ ಪದ್ಯವನ್ನೂ, ಪುಸ್ತಕದ ಪದ್ಯವನ್ನೂ ಒಂದರ ಹಿಂದೆ ಒಂದು ಚಿಪ್ಪು ಬಡಿದು ಹೇಳುತ್ತಿದ್ದವು. ಪುಸ್ತಕದ್ದು ಹನ್ನೆರಡೋ ಹದಿನಾರೋ ಸಾಲು. ಯಾರ ಕೈಯಲ್ಲೂ ಪುಸ್ತಕ ಇರಲಿಲ್ಲ. ಅಜ್ಜ ಅದನ್ನು ಗಮನಿಸಿದರು. "ಇವಕ್ಕ ಬಾಯಿಪಾಠ ಮಾಡಿಸಿದವರು ಯಾರ್ರೀ?" ಅಂತ ಕೇಳಿದರು. "ಯಾರೂ ಮಾಡ್ಸಿಲ್ಲ ಅಜ್ಜಾರ. ಐದು ಮೂಲಿ ಸುತ್ತಿ ಬರೂದ್ರಾಗ ತಾನs ಬಂತು," ಅಂದರು ಅಕ್ಕೋರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ತಗಡಿನ ಡಬ್ಬಿಯ ನೀರು ಚೆಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಸಂಗೊಳ್ಳಿ ರಾಯಣ್ಣನ ಲಾವಣಿ ಎತ್ತಿದರು.

ಖಾನಾಪುರದ ಮಕ್ಕಳಿಗೆ ರಾಯಣ್ಣ ದೂರದವನಲ್ಲ. ಅವನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಆಲದ ಮರ ಈ ತಾಲೂಕಿನ ನಂದಗಡದಲ್ಲೇ ಇದೆ. ಹರಕೆ ಹೊತ್ತವರು ಇವತ್ತೂ ಅಲ್ಲಿಗೆ ಬಂದು ಹೋಗುತ್ತಾರೆ. ಅಜ್ಜನ ಲಾವಣಿಯ ಅರ್ಥ ಎಷ್ಟು ಮಕ್ಕಳಿಗೆ ಆಯಿತೋ ಹೇಳಲಾರೆ. ಆದರೆ ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಚಿಪ್ಪುಗಳು ಅವರ ಡಬ್ಬಿಯ ಪೆಟ್ಟಿಗೆ ಕೂಡಿಕೊಂಡಿದ್ದವು. ಮೊಮ್ಮಗಳು ಅಜ್ಜನ ಪಕ್ಕ ಕೂತು ಮುಖ ನೋಡುತ್ತಿದ್ದಳು. ಆಮೇಲೆ ಅಜ್ಜ ಎಷ್ಟೋ ಶನಿವಾರ ಬೆಳಿಗ್ಗೆ ತಾವಾಗಿಯೇ ಬಂದು ತಾಳದ ಮೂಲೆಯಲ್ಲಿ ಕೂತದ್ದುಂಟು. ರ ಗ ಸ ದ ಬಗ್ಗೆ ಅವರ ತಕರಾರು ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಹಂಚು ಕೈಯಾಡಿಸಿದರು, ಸೋರುವುದು ನಿಂತಿತು. ಮೂಲೆಗಳು ಉಳಿದವು. ಚಳಿಗಾಲದಲ್ಲಿ ಗೆಣಸು ಕೀಳುವ ಹೊತ್ತಿಗೆ ಮಕ್ಕಳು ಗೆಣಸಿನ ಪದ್ಯ ಕಟ್ಟಿದರು. ಹಲಸಿಗೆ ಪ್ರವಾಸ ಹೋಗಿ ಬಂದು ಭೂವರಾಹ ನರಸಿಂಹ ದೇವರ ಗುಡಿಯ ಮೇಲೆ ಕಟ್ಟಿದರು. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅಕ್ಕೋರು ಗಡಿಗೆಯನ್ನೇ ಹೊತ್ತುಕೊಂಡು ಹೋಗಿ ತೋರಿಸಿದರು. ಕೆಲವರು ಬರೆದುಕೊಂಡರು. ಕೆಲವರು, "ಪಾಠ ಮುಗಿಸಬೇಕಲ್ರೀ, ಇದಕ್ಕೆಲ್ಲ ಹೊತ್ತು ಎಲ್ಲಿಂದ ತರೋದು?" ಅಂದರು. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿ, ಹಾಲು, ಮೊಟ್ಟೆ, ದಾಖಲೆ ಎಲ್ಲ ನೋಡಿಕೊಳ್ಳುವ ಶಾಲೆಗಳು ನಮ್ಮ ತಾಲೂಕಿನಲ್ಲಿ ಬೇಕಾದಷ್ಟಿವೆ. ಆದರೂ ನಾನು ಕಣ್ಣಾರೆ ಕಂಡದ್ದನ್ನು ಹೇಳಲೇಬೇಕು. ಕೂಗಿಸಿ ಹೇಳಿಸಿದ ಪದ್ಯ ಪರೀಕ್ಷೆಯ ಮರುದಿನ ಹೋಗುತ್ತದೆ. ಕಿವಿಯಿಂದ, ಕೈಯಿಂದ, ಕಾಲಿನಿಂದ ಒಳಗೆ ಹೋದದ್ದು ಉಳಿಯುತ್ತದೆ. ವಾರಕ್ಕೆ ಎರಡು ಅವಧಿ ಸಾಕು. ಐದು ಮೂಲೆ ಆಗದಿದ್ದರೆ ಎರಡಾದರೂ ಸಾಕು.

ಉಪ್ಪಿನಕಾಯಿ ಭರಣಿಗೆ ಹಾಕಿದ ದಿನವೇ ಯಾರೂ ರುಚಿ ಕೇಳುವುದಿಲ್ಲ. ಪದ್ಯಕ್ಕೂ ಅಷ್ಟು ದಿನ ಕೊಡಬೇಕು. ಅದಕ್ಕೇ ಶಿಕ್ಷಕ ಮಿತ್ರರಲ್ಲಿ, ಮಕ್ಕಳಿರುವ ಮನೆಯವರಲ್ಲಿ ನನ್ನದು ಒಂದೇ ಬಿನ್ನಹ. ಆರೇಳು ವರ್ಷದ ಮಗುವಿಗೆ ಪದ್ಯ ಹೇಳಿದ ಕೂಡಲೇ ಅರ್ಥ ಕೇಳಬೇಡಿ. ಮೂರು ಸಲ ಕೇಳಿಸಿ. ತಾಳ ಹಾಕಲು ಬಿಡಿ. ಸಾಲು ಕಲಸಿ ಕೊಟ್ಟು ಜೋಡಿಸಲು ಹೇಳಿ. ಮನೆಯಲ್ಲಿ ಹಾಡು ಬಲ್ಲ ಅಜ್ಜಿ, ಅಜ್ಜ ಇದ್ದರೆ ಅವರ ದನಿಯನ್ನು ಈಗಲೇ ತುಂಬಿಸಿ ಇಟ್ಟುಕೊಳ್ಳಿ. ಮಗುವಿನ ಮನೆಮಾತು ಬೇರೆಯಾಗಿದ್ದರೆ ಆ ಮಾತಿನಲ್ಲೇ ಒಂದು ಸಾಲು ಹೇಳಲಿ. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ನಮ್ಮ ಶಾಲೆಯ ಪದ್ಯದ ಕಡೆಯ ಸಾಲು ಬಂದದ್ದು ಹಾಗೇ. ಖರ್ಚು ಅಂದರೆ ಒಂದು ಗಡಿಗೆ, ನಾಲ್ಕು ಚಿಪ್ಪು, ಒಂದು ಮಾರು ದಾರ. ಈ ವರ್ಷ ಶಾಲೆ ತೆರೆದಾಗ ನಿಮ್ಮ ಕೋಣೆಯಲ್ಲಿ ಪದ್ಯಕ್ಕೊಂದು ಮೂಲೆ ಬಿಡಿ.